ಸಹಿ ಹಾಕಿದ ಮೇಲೂ ವಿಮಾನ ನೋಡಿದ ತಪ್ಪಿಗೆ, ಗೋಡೆ ಗಡಿಯಾರದವರಿಗೆ

ಮಾನ್ಯ ಗಡಿಯಾರದವರೇ,

ವಿಮಾನ ಬಂದು ನಿಲ್ಲುವ ಏಳನೇ ನಂಬರಿನ ಜಾಗದ ಎದುರು ಗೋಡೆಯ ಮೇಲೆ ವಿರಾಜಮಾನರಾಗಿ, ಚಕ್ರ ನಿಂತ ಕ್ಷಣದಿಂದ ಮೂವತ್ತೈದು ನಿಮಿಷಗಳನ್ನು ಒಂದೊಂದಾಗಿ ಹಿಂದಕ್ಕೆಣಿಸುತ್ತ, ಕೊನೆಯ ಐದಕ್ಕೆ ಕೆಂಪಾಗಿ ಉರಿಯುವ ತಮ್ಮ ಪಾದಗಳಿಗೆ (ಪಾದಗಳಿಲ್ಲವೆಂದು ಗೊತ್ತು, ಮರ್ಯಾದೆಗೆ ಬರೆದೆ) ಅನಂತ ನಮಸ್ಕಾರಗಳು. ನೆಗಡಿಯಿಲ್ಲ, ಸೊಂಟನೋವಿಲ್ಲ, ಒಂದಕ್ಕೆ ಹೋಗಿಬರುತ್ತೇನೆಂದು ರಜೆ ಕೇಳುವ ಪ್ರಮೇಯವಿಲ್ಲ. ತಮ್ಮ ಆರೋಗ್ಯ ಕಂಡು ನಮಗೆಲ್ಲ ಹೊಟ್ಟೆಕಿಚ್ಚು. ನಾನು ತಮ್ಮ ಕೆಳಗೆ ದುಡಿಯುವವನು. ವಿಮಾನ ಹೊರಡುವ ಮುಂಚೆ ಅದಕ್ಕೊಂದು ಸುತ್ತು ಹಾಕಿ, ಎಲ್ಲೂ ಪೆಟ್ಟಾಗಿಲ್ಲವೆಂದು ನೋಡಿ ಸಹಿ ಹಾಕುವುದು ನನ್ನ ಕೆಲಸ.

ನೋಡಿ ಸಹಿ ಹಾಕುವುದು ಎಂದೆನಲ್ಲ, ಅದು ಪುಸ್ತಕದ ಮಾತು. ತಮ್ಮ ಎಣಿಕೆಯಲ್ಲಿ ಸಹಿಗೆಂದು ನಿಮಿಷ ಇಟ್ಟಿಲ್ಲವಾದ್ದರಿಂದ, ವಿಮಾನ ಇನ್ನೂ ಆಕಾಶದಲ್ಲಿರುವಾಗಲೇ ನಾವು ಚಹಾದ ಕೋಣೆಯಲ್ಲಿ ಕೂತು, ಸುತ್ತ ನೋಡಿದೆ, ಎಲ್ಲ ಸರಿಯಿದೆ ಎಂಬ ಕಾಗದಕ್ಕೆ ಸಹಿ ಜಡಿದು ಜೇಬಿಗಿಳಿಸುವ ಪದ್ಧತಿ, ತಾವು ಗೋಡೆಗೇರಿದಂದಿನಿಂದ, ಹನ್ನೊಂದು ವರ್ಷಗಳಿಂದ ನಡೆದುಬಂದಿದೆ. ಇನ್ನೂ ಬಾರದ ವಿಮಾನದ ಹೊಟ್ಟೆಯ ಮೇಲೆ ಗೀರಿಲ್ಲವೆಂದು ಬರೆದುಕೊಡುವ ಧೈರ್ಯ ಯಾವ ಜ್ಯೋತಿಷಿಗೂ ಇರಲಿಕ್ಕಿಲ್ಲ. ಆಮೇಲೆ ಸುತ್ತು ಹಾಕುತ್ತಿದ್ದೆವು, ಇಲ್ಲವೆನ್ನುವುದಿಲ್ಲ, ಆದರೆ ಓಡುತ್ತ. ಓಡುವವನ ಕಣ್ಣಿಗೆ ತಾವು ಕಾಣುತ್ತೀರಿ, ವಿಮಾನ ಕಾಣುವುದಿಲ್ಲ.

ಹೋದ ಮಂಗಳವಾರ ತಮ್ಮಲ್ಲಿ ಇನ್ನೂ ಒಂಬತ್ತು ನಿಮಿಷ ಉಳಿದಿದ್ದಾಗ, ಸಾಮಾನು ಏರಿಸುವ ಬೆಲ್ಟಿನ ಗಾಡಿ ವಿಮಾನದ ಹೊಟ್ಟೆಗೆ ತಾಗಿತು. ಓಡಿಸುತ್ತಿದ್ದವನನ್ನು ನಾವು ಮೆಲ್ಲಗಪ್ಪ ಎಂದು ಕರೆಯುತ್ತೇವೆ. ಯಾರು ಏನೇ ಕೂಗಿದರೂ ಆಮೆಯ ಹಾಗೆ ಬರುವ ಆಸಾಮಿ. ಅಂಥವನನ್ನೂ ಓಡುವಂತೆ ಮಾಡಿದ ಕೀರ್ತಿ ತಮ್ಮದು, ಶಹಬ್ಬಾಸ್. ಅವನು ಗಾಡಿಯಿಂದಿಳಿದು ಬೆವರುತ್ತ ನನ್ನ ಹತ್ತಿರ ಬಂದು, “ಅಣ್ಣಾ, ತಾಗಿಸ್ಬಿಟ್ಟೆ ಅನ್ಸತ್ತೆ. ಒಂದ್ಸಲ ಕೈ ಇಟ್ಟು ನೋಡು, ನಂಗೆ ಎದೆ ಹೊಡ್ಕೊಳ್ತಿದೆ” ಎಂದ. ಕೈಯಿಟ್ಟೆ. ಸಾಮಾನಿನ ಬಾಗಿಲ ಕೆಳಗೆ ಅಂಗೈಯಗಲ ತಗ್ಗು, ಅದರ ಅಂಚಿನಲ್ಲಿ ಬೆರಳುದ್ದದ ಬಿರುಕು. ನಾನು ಎರಡೂ ತೋಳು ಮೇಲೆತ್ತಿ ಅಡ್ಡಹಾಕಿ ವಿಮಾನ ನಿಲ್ಲಿಸಿದೆ. ನೂರಾ ಅರವತ್ತು ಜನ ಮತ್ತೆ ಕೆಳಗಿಳಿದರು, ಮೆಟ್ಟಿಲಿಗೊಬ್ಬರಂತೆ ನನ್ನನ್ನು ಬೈದರು, ಮತ್ತು ತಾವು ಸೊನ್ನೆಗೆ ಬಂದು ದಿನವಿಡೀ ಅಲ್ಲೇ ಮಿಣಮಿಣ ಎನ್ನುತ್ತಿದ್ದಿರಿ.

ಮರುದಿನವೇ ನನಗೆ ನೋಟಿಸು ಬಂತು. ಎಲ್ಲ ಸರಿಯಿದೆ ಎಂದು ನೀವೇ ಸಹಿ ಹಾಕಿದ ಕಾಗದ ಜೇಬಿನಲ್ಲಿರುವಾಗ ಸರಿಯಿಲ್ಲವೆಂದು ವಿಮಾನ ನಿಲ್ಲಿಸಿದ್ದೇಕೆ, ಎರಡರಲ್ಲಿ ಯಾವುದು ಸುಳ್ಳು, ಉತ್ತರಿಸಿ, ಎಂದು. ಮ್ಯಾನೇಜರ್ ಸಾಹೇಬರು ಇನ್ನೂ ಸರಳವಾಗಿ, “ಸಹಿ ಹಾಕಿದ್ಮೇಲೆ ನೋಡು ಅಂತ ನಿಂಗೆ ಹೇಳ್ದೋರ್ಯಾರು?” ಎಂದು ಕೇಳಿದರು. ಅಬ್ಬಾ, ಇಪ್ಪತ್ತೊಂದು ವರ್ಷದ ಸರ್ವಿಸಿನಲ್ಲಿ ಇಂಥ ಪ್ರಶ್ನೆ ಕೇಳಿರಲಿಲ್ಲ! ಮೆಲ್ಲಗಪ್ಪನನ್ನಂತೂ ಅಂದೇ ಮನೆಗೆ ಕಳಿಸಿದರು. ಸಾಹೇಬರ ಕರಾರು ಇಷ್ಟು: ಅವನು ತಾಗಿಸಿ ಮುಚ್ಚಿಟ್ಟ, ನಾನೇ ಕಂಡುಹಿಡಿದೆ ಎಂದು ಬರೆದುಕೊಟ್ಟರೆ ನನ್ನ ನೋಟಿಸು ವಾಪಸು, ಅವನ ಕೆಲಸ ಖಾಯಮ್ಮಾಗಿ ಖಲಾಸ್. ಅವನ ಹೆಂಡತಿ ಫೋನಿನಲ್ಲಿ, “ನಿಜ ಹೇಳಿದ್ದಕ್ಕೆ ಮನೇಲಿ ಕೂರಿಸ್ತಾರಾ ಅಣ್ಣಾ?” ಎಂದು ಕೇಳಿದಾಗ ನನಗೆ ನಾಚಿಕೆಯಾಯಿತು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೆಲವು ಅರಿಕೆಗಳಿವೆ. ದಯವಿಟ್ಟು ಒಂದೇ ಒಂದು ಸಲ ಗೋಡೆಯಿಂದಿಳಿದು, ತಲೆಗೊಂದು ಟೋಪಿ, ಕಿವಿಗೊಂದು ಮುಚ್ಚಳ ಹಾಕಿಕೊಂಡು, ಬಿಸಿಲಲ್ಲಿ ಸುಡುವ ಕಾಂಕ್ರೀಟಿನ ಮೇಲೆ ನನ್ನ ಜೊತೆ ವಿಮಾನಕ್ಕೆ ಒಂದು ಸುತ್ತು ಬನ್ನಿ. ರೆಕ್ಕೆಯ ಕೆಳಗೆ ಬಗ್ಗುವಾಗ ಬೇಕಾದರೆ ನಾನೇ ಕೈ ಹಿಡಿಯುತ್ತೇನೆ. ಅದಾಗದಿದ್ದರೆ, ವಿಮಾನ ಗಾಳಿಯಲ್ಲಿರುವಾಗ ಆ ಬಿರುಕಿಗೂ ಇನ್ನೂ ಐದು ನಿಮಿಷ ತಡೆದುಕೋ ಎಂದು ತಾವೇ ಕೆಂಪು ದೀಪ ತೋರಿಸಿ. ಎರಡೂ ಆಗದಿದ್ದರೆ ನನ್ನ ನೋಟಿಸಿಗೆ ತಾವೇ ಉತ್ತರ ಬರೆಯಿರಿ.

ಆಗುವುದಿಲ್ಲವೆಂದು ಗೊತ್ತು, ನಾನೇ ಬರೆದಿದ್ದೇನೆ. ಸುಳ್ಳು ಮೊದಲನೆಯ ಕಾಗದ, ಅದು ನನ್ನದು, ಹನ್ನೊಂದು ವರ್ಷದ ಅಂಥ ಕಾಗದಗಳೆಲ್ಲ ನನ್ನವೇ, ಅವುಗಳಿಗೆ ತಾವು ವರ್ಷ ವರ್ಷವೂ ಸಮಯಪಾಲನೆಯ ಪ್ರಶಸ್ತಿ ಕೊಟ್ಟಿದ್ದೀರಿ. ತಾಗಿತೆಂದು ಬಾಯಿಬಿಟ್ಟು ಹೇಳಿದವನು ಮೆಲ್ಲಗಪ್ಪ. ಅವನನ್ನು ಮನೆಗೆ ಕಳಿಸಿದ ಮೇಲೆ ಆರು ದಿನಗಳಿಂದ ಇಲ್ಲಿ ಯಾರ ಗಾಡಿಯೂ ಯಾವುದಕ್ಕೂ ತಾಗಿಲ್ಲ. ಹಿಂದೆ ವಾರಕ್ಕೆ ಎರಡು ಮೂರು ಸಲವಾದರೂ ಯಾರಾದರೂ ಬಂದು ಹೇಳುತ್ತಿದ್ದರು. ಈಗ ಕೇಳಿದರೆ ಎಲ್ಲರೂ ಗೋಡೆಯ ಮೇಲಿನ ತಮ್ಮನ್ನೊಮ್ಮೆ ನೋಡಿ ಗಾಡಿ ಏರುತ್ತಾರೆ. ನನಗೆ ಭಯವಾಗುತ್ತಿದೆ, ಮಾನ್ಯರೇ.

ಈ ಕಾಗದವನ್ನು ಮಾತ್ರ ಪೂರ್ತಿ ಓದಿ ನೋಡಿದ ಮೇಲೆಯೇ ಸಹಿ ಹಾಕಿರುವ,
ತಮ್ಮ ವಿಶ್ವಾಸಿ,
ಸುತ್ತು ಹಾಕುವವನು

ವಿ.ಸೂ.: ಈಗಷ್ಟೇ ಮ್ಯಾನೇಜರ್ ಸಾಹೇಬರು ಚಹಾದ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ನಾಳೆ ಬೆಳಗಿನ ವಿಮಾನದಲ್ಲಿ ತಮ್ಮ ಹೆಂಡತಿ ಮಕ್ಕಳು ಹೊರಟಿದ್ದಾರೆಂದು ತಿಳಿಸಿ, “ಒಂಚೂರು ಸರಿಯಾಗಿ ನೋಡ್ಬಿಡಪ್ಪಾ, ಲೇಟಾದ್ರೂ ಪರವಾಗಿಲ್ಲ” ಎಂದರು. ಆಗಲಿ ಸಾರ್, ಆದರೆ ತಾಗಿದ್ದನ್ನು ಬಂದು ಹೇಳುವವನೊಬ್ಬ ಬೇಕಲ್ಲ, ಅವನನ್ನು ತಾವು ಮನೆಗೆ ಕಳಿಸಿದ್ದೀರಿ ಎಂದೆ.