ಜೊತೆಗೆ ಬಂದವರು ಮಾತ್ರ ಬರುತ್ತಿರುವ ಬಗ್ಗೆ

ಆರೋಗ್ಯ ಇಲಾಖೆಯ ಹೊಸೂರು ವಿಭಾಗ ಕಚೇರಿ
ಸುತ್ತೋಲೆ ಸಂಖ್ಯೆ: ಮ.ಸ.ಕೇಂ./ಬೆಂಚು/17/84-85
ದಿನಾಂಕ: 4-3-1985

ವಿಷಯ: ಆಲಸನತ್ತಂ ರಸ್ತೆಯ ವಯಸ್ಕರ ಸಮಗ್ರ ಮನೋಸಲಹಾ ಕೇಂದ್ರದಲ್ಲಿ ‘ಸ್ವತಃ’ ಎಂದು ಬರೆದಿರುವ ಕುರ್ಚಿಯಲ್ಲಿ ಯಾರೂ ಕೂರದಿರುವುದು ಹಾಗೂ ‘ಜೊತೆಗೆ ಬಂದವರು’ ಎಂದು ಬರೆದಿರುವ ಬೆಂಚಿನ ಕಾಲು ಮುರಿದಿರುವುದು.

ಉಲ್ಲೇಖ: (ಅ) ಕೇಂದ್ರದ ಹಾಜರಿ ಪುಸ್ತಕ. (ಆ) ಬೆಂಚಿನ ದುರಸ್ತಿಗೆ ಅನುಮತಿ ಕೋರಿ ಬಡಗಿ ಶ್ಯಾಮಣ್ಣ ಅವರ ಮೂರು ಅರ್ಜಿಗಳು. (ಇ) ಪಶುವೈದ್ಯರ ಚೀಟಿ.

ಸಂಬಂಧಪಟ್ಟವರೂ, ತಮಗೆ ಸಂಬಂಧವೇ ಇಲ್ಲವೆಂದು ಹೇಳುತ್ತಿರುವವರೂ ಓದಿಕೊಳ್ಳುವುದು.

1. ಮನಸ್ಸು ಭಾರವಾದ ವಯಸ್ಕರು ಬಂದು, ಹೇಳಿಕೊಂಡು, ಹಗುರಾಗಿ ಹೋಗಲೆಂದು ಕಳೆದ ಏಪ್ರಿಲ್‌ನಲ್ಲಿ ಈ ಕೇಂದ್ರವನ್ನು ತೆರೆಯಲಾಗಿದೆ. ಜನರು ಇದನ್ನು ‘ಮಾತಿನಾಸ್ಪತ್ರೆ’ ಎಂದು ಕರೆಯುತ್ತಿರುವುದಕ್ಕೆ ಆಕ್ಷೇಪಣೆ ಇರುವುದಿಲ್ಲ. ‘ಸಮಗ್ರ’ ಎಂದರೆ ಒಂದೇ ಪದ್ಧತಿಗೆ ಜೋತುಬೀಳದೆ, ಆಯಾ ವ್ಯಕ್ತಿಗೆ ಒಗ್ಗುವಂತೆ ನಾಲ್ಕಾರು ಪದ್ಧತಿಗಳನ್ನು ಹದವಾಗಿ ಬೆರೆಸಿಕೊಳ್ಳುವುದು. ನಾಟ್ರಾಂಪಾಳ್ಯದ ರೈತ ಹನುಮಯ್ಯ ಅವರು ಇದನ್ನು, ನಾಲ್ಕಾರು ಸೊಪ್ಪು ಒಟ್ಟಿಗೆ ಬೇಯಿಸಿ ಮಸೆದ ಮಸ್ಸೊಪ್ಪಿಗೆ ಹೋಲಿಸಿರುತ್ತಾರೆ. ಇಲಾಖೆಯು ಇದನ್ನು ಒಪ್ಪಿರುವುದಿಲ್ಲ. ಇದಕ್ಕಿಂತ ಚೆನ್ನಾಗಿ ವಿವರಿಸಲು ಇಲಾಖೆಗೆ ಸಾಧ್ಯವಾಗಿಯೂ ಇರುವುದಿಲ್ಲ.

2. ದಿನಾಂಕ 27-2-1985ರವರೆಗೆ ‘ಜೊತೆಗೆ ಬಂದವರು’ ಕಾಲಂನಲ್ಲಿ 417 ಹೆಸರುಗಳಿದ್ದು, ತಮ್ಮ ಕಷ್ಟಕ್ಕೆ ತಾವೇ ಬಂದವರ ‘ಸ್ವತಃ’ ಕಾಲಂನಲ್ಲಿ ಒಂದೂ ಇರುವುದಿಲ್ಲ. ಮಾರ್ಚ್ 31ರೊಳಗೆ ಅಲ್ಲಿ ಒಂದಾದರೂ ಹೆಸರು ಕಾಣದಿದ್ದಲ್ಲಿ ಕೇಂದ್ರವನ್ನು ಮುಚ್ಚಿ, ಸಲಹೆಗಾರ್ತಿ ಶ್ಯಾಮಲಮ್ಮ ಅವರನ್ನು ಬೇರೆಡೆಗೆ ವರ್ಗಾಯಿಸಿ, ಕೊಠಡಿಯನ್ನು ಬ್ಲೀಚಿಂಗ್ ಪೌಡರ್ ಮೂಟೆಗಳಿಗೆ ಬಿಟ್ಟುಕೊಡುವಂತೆ ಮೇಲಿನಿಂದ ಆದೇಶವಾಗಿದೆ. ಆದಕಾರಣ ಈ ಕೆಳಗಿನಂತೆ ನಿಯಮಿಸಲಾಗಿದೆ.

3. ರಾಮಕ್ಕ ಮತ್ತು ಗೋವಿಂದಮ್ಮ ಎಂಬ ನೆರೆಹೊರೆಯವರು ಪ್ರತಿ ಮಂಗಳವಾರ ಒಂದೇ ಬಸ್ಸಿನಲ್ಲಿ ಬರುತ್ತಾರೆ. “ನಂಗೇನಾಗೈತೆ ಮೇಡಮ್ಮಾ, ಕಲ್ಲಂಗಿವ್ನಿ. ಇವ್ಳಿಗೇ ಒಸಿ ಮನ್ಸು ಸರಿಯಿಲ್ಲ, ಜೊತೆಗ್ ಬಂದಿವ್ನಿ” ಎಂದು ರಾಮಕ್ಕ ಹೇಳಿಕೆ ನೀಡಿದ್ದು, ಗೋವಿಂದಮ್ಮ ಅವರದೂ ಅಕ್ಷರಶಃ ಇದೇ ಹೇಳಿಕೆಯಾಗಿರುತ್ತದೆ. ಅವರ ಕಷ್ಟವನ್ನು ಇವರು, ಇವರ ಕಷ್ಟವನ್ನು ಅವರು ಹೇಳಿ, ಇಬ್ಬರೂ ಅತ್ತು, ನಗುತ್ತಾ ಹಿಂದಿರುಗಿರುತ್ತಾರೆ. ಇನ್ನು ಮುಂದೆ ಕಷ್ಟ ಯಾರದೆಂಬುದನ್ನು ಬಸ್ ನಿಲ್ದಾಣದಲ್ಲಿಯೇ ತೀರ್ಮಾನಿಸಿಕೊಂಡು ಬರತಕ್ಕದ್ದು. ತೀರ್ಮಾನವಾಗದಿದ್ದಲ್ಲಿ ಸೋಮ, ಬುಧ, ಶುಕ್ರವಾರಗಳಂದು ಎತ್ತರದವರನ್ನೂ ಉಳಿದ ದಿನಗಳಲ್ಲಿ ಗಿಡ್ಡನೆಯವರನ್ನೂ ‘ಸ್ವತಃ’ ಎಂದು ಪರಿಗಣಿಸಲಾಗುವುದು. ಸರಿಸಮ ಕಂಡುಬಂದಲ್ಲಿ ಚಪ್ಪಲಿ ಬಿಡಿಸಿ, ತುರುಬು ಒತ್ತಿ ಅಳೆಯತಕ್ಕದ್ದು.

4. ಪಕ್ಕದ ಮನೆಯವರ ಪರವಾಗಿ ಬರುವವರು ಪಕ್ಕದ ಮನೆಯವರನ್ನು ಹಾಜರುಪಡಿಸತಕ್ಕದ್ದು. ಅವಲಪಲ್ಲಿಯ ಒಂದು ಬೀದಿಯಲ್ಲಿ ಈ ಬಗ್ಗೆ ವಿಚಾರಣೆ ನಡೆಸಲಾಗಿ, ಹನ್ನೊಂದು ಮನೆಯವರೂ ತಮ್ಮ ಎಡಗಡೆಯ ಮನೆಯತ್ತ ಕೈತೋರಿಸಿರುತ್ತಾರೆ. ಕೊನೆಯ ಮನೆಯ ಎಡಕ್ಕೆ ಹುಣಸೆ ಮರವಿದ್ದು, ಮರದ ಹೇಳಿಕೆ ಬಾಕಿ ಇರುತ್ತದೆ.

5. ಕಾರ್ಖಾನೆ ಕಾರ್ಮಿಕ ರಾಮಚಂದ್ರಪ್ಪ ಅವರು ತಮ್ಮ ಸೂಪರ್‌ವೈಸರ್ ಬಗ್ಗೆ “ಆವಯ್ಯಂಗೆ ತಲೆ ಕೆಟ್ಟೈತೆ, ನಾನೇನ್ ಮಾಡ್ಲಿ ಯೋಳಿ” ಎಂದು ಒಂಬತ್ತು ಬಾರಿ ಬಂದಿರುತ್ತಾರೆ. ಸೂಪರ್‌ವೈಸರ್‌ಗೆ ನೋಟೀಸು ಕಳುಹಿಸಲಾಗಿ, ಅವರು ಒಡನೆಯೇ ಬಂದು, ತಾವು ರಾಮಚಂದ್ರಪ್ಪ ಅವರ ವಿಷಯವಾಗಿ ಬಂದಿರುವುದಾಗಿ ತಿಳಿಸಿ ಅವರ ಪಕ್ಕದಲ್ಲಿಯೇ ಕುಳಿತಿರುತ್ತಾರೆ. ಬೆಂಚಿನ ಕಾಲು ಮುರಿದದ್ದು ಆಗಲೇ.

6. ಹನುಮಯ್ಯ ಅವರು ಎರಡು ಬಸ್ಸು ಬದಲಿಸಿ ಒಬ್ಬರೇ ಬಂದು, ಕಷ್ಟದಲ್ಲಿರುವ ಆಸಾಮಿ “ಮುಂದಿನ್ ಬಸ್ಸಿಗೆ ಬತ್ತಾನೆ” ಎಂದು ತಿಳಿಸಿ, ಅಷ್ಟರೊಳಗೆ ಆತನ ಕಥೆಯನ್ನೆಲ್ಲ ಹೇಳಿ ಮುಗಿಸಿರುತ್ತಾರೆ. ಆ ಬಸ್ಸು ಬಂದಿದ್ದು, ಅದರಲ್ಲಿ ಆಸಾಮಿ ಇರಲಿಲ್ಲ. ಮುಂದಿನ ಬಸ್ಸಿನಲ್ಲಿ ಬರುವವರು ಹಿಂದಿನ ಬಸ್ಸಿನಲ್ಲಿಯೇ ಬರುವಂತೆ ಈ ಮೂಲಕ ಸೂಚಿಸಲಾಗಿದೆ.

7. ಜಾನುವಾರುಗಳ ಪರವಾಗಿ ಬರತಕ್ಕದ್ದಲ್ಲ. ಆವುಲಪ್ಪ ಅವರು “ನಮ್ಮೆಮ್ಮೆ ಸಪ್ಪಗೈತೆ ಮೇಡಮ್ಮಾ, ಯಾರ್ ಕೂಟೂ ಸೇರಲ್ಲ, ಸುಮ್ಕೆ ಗೋಡೆ ನೋಡ್ತಾ ನಿಂತ್ಕತೈತೆ” ಎಂದು ತಿಳಿಸಿದ ಮೇರೆಗೆ ಎಮ್ಮೆಯನ್ನು ಪಶುವೈದ್ಯರಿಗೆ ತೋರಿಸಲಾಯಿತು. “ಎಮ್ಮೆ ಗೆಲುವಾಗಿದೆ, ಚೆನ್ನಾಗಿ ಮೆಲುಕು ಹಾಕುತ್ತಿದೆ. ಜೊತೆಗೆ ಬಂದವರನ್ನು ನೋಡಿಕೊಳ್ಳುವುದು” ಎಂದು ವೈದ್ಯರು ಬರೆದುಕೊಟ್ಟಿರುತ್ತಾರೆ.

8. ಮೇಲ್ಕಂಡ ಅವ್ಯವಸ್ಥೆಯನ್ನು ಖುದ್ದು ತಪಾಸಣೆ ಮಾಡಲು ದಿನಾಂಕ 28-2-1985, ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ವಿಭಾಗಾಧಿಕಾರಿಯವರು ಕೇಂದ್ರಕ್ಕೆ ಭೇಟಿ ನೀಡಿದರು. ಬೆಂಚು ಮುರಿದಿದ್ದ ಪ್ರಯುಕ್ತ, ಬೇರೆ ದಾರಿ ಕಾಣದೆ, ‘ಸ್ವತಃ’ ಕುರ್ಚಿಯಲ್ಲಿ ಆಸೀನರಾದರು. “ಹೆಂಗಿದೀರಾ ಸಾರ್?” ಎಂದು ಶ್ಯಾಮಲಮ್ಮ ಅವರಿಂದ ಪ್ರಶ್ನೆ ಬಂದಿರುತ್ತದೆ. ಈ ಪ್ರಶ್ನೆಗೆ ಕಚೇರಿಯಲ್ಲಿ ನಿಗದಿತ ಉತ್ತರವಿದ್ದರೂ ಅದನ್ನು ನೀಡಲಾಗಿರುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ‘ನಮ್ಮ ಇಲಾಖೆಯ ಒಬ್ಬ ಅಧಿಕಾರಿ’ಯ ವಿಷಯವಾಗಿ ಮಾತನಾಡಲಾಗಿದೆ. ಸದರಿ ಅಧಿಕಾರಿಯ ಪತ್ನಿ ವರಲಕ್ಷ್ಮಮ್ಮ ತೀರಿಕೊಂಡು ಎರಡು ವರ್ಷವಾಗಿದ್ದು, ಮೂರು ದಿನ ರಜೆ ಹಾಕಿ ನಾಲ್ಕನೆಯ ದಿನ ಕೆಲಸಕ್ಕೆ ಹಾಜರಾದ ಅವರು, ಇಂದಿಗೂ ಸಂಜೆ ಮನೆಯ ಬೀಗ ತೆಗೆಯುವಾಗ “ಬಂದೆ ಕಣೇ” ಎನ್ನುತ್ತಾರೆಂದು ತಿಳಿದುಬಂದಿದೆ. ಅಲ್ಲಿಂದ ಮುಂದೆ ‘ಅವರು’ ಎಂಬುದು ‘ನಾನು’ ಎಂದಾಗಿದ್ದು ಯಾವ ನಿಮಿಷದಲ್ಲಿ ಎಂಬುದಕ್ಕೆ ದಾಖಲೆ ಇರುವುದಿಲ್ಲ. ತಪಾಸಣೆಯು ಎರಡೂವರೆಗೆ ಮುಕ್ತಾಯವಾಯಿತು.

9. ನಿಯಮಾನುಸಾರ ಶ್ಯಾಮಲಮ್ಮ ಅವರು ‘ಸ್ವತಃ’ ಕಾಲಂನಲ್ಲಿ ಕ್ರಮಸಂಖ್ಯೆ 1 ಎಂದು ನಮೂದಿಸಿರುತ್ತಾರೆ. ಇದನ್ನು ಹೊಡೆದುಹಾಕಿ ‘ತಪಾಸಣೆ’ ಎಂದು ತಿದ್ದುವಂತೆ ಗುಮಾಸ್ತರು ಟಿಪ್ಪಣಿ ಮಂಡಿಸಿದ್ದಾರೆ. ತಿದ್ದಿದಲ್ಲಿ ಅಧಿಕಾರಿಯ ಮರ್ಯಾದೆ ಉಳಿಯುತ್ತದೆ, ಕೇಂದ್ರ ಮುಚ್ಚುತ್ತದೆ. ಕಡತವು ನಾಲ್ಕು ದಿನ ಮೇಜಿನ ಮೇಲಿತ್ತು. ಕೂಲಂಕಷವಾಗಿ ಪರಿಶೀಲಿಸಲಾಗಿ, ನಮೂದನ್ನು ಇದ್ದಂತೆಯೇ ಉಳಿಸಿಕೊಳ್ಳಲಾಗಿದೆ.

10. ಆದ್ದರಿಂದ ಕಲಂ 3ರಿಂದ 7ರವರೆಗಿನ ನಿಯಮಗಳನ್ನು ಈ ಕ್ಷಣದಿಂದಲೇ ಹಿಂಪಡೆಯಲಾಗಿದೆ. ಬೆಂಚಿಗೆ ನಾಲ್ಕೂ ಹೊಸ ಕಾಲು ಹಾಕಿಸತಕ್ಕದ್ದು. ಬಂದವರನ್ನು, ಯಾರ ಜೊತೆಗೆ ಬಂದಿರಿ ಎಂದು ಕೇಳತಕ್ಕದ್ದಲ್ಲ. ಕೂರಿಸಿ, ನೀರು ಕೊಡತಕ್ಕದ್ದು. ತಪಾಸಣೆಯನ್ನು ಪ್ರತಿ ಗುರುವಾರ ಮುಂದುವರಿಸಲಾಗುವುದು.

(ಸಹಿ)
ಹನುಮಂತರಾಯಪ್ಪ
ವಿಭಾಗಾಧಿಕಾರಿ ಮತ್ತು ಕ್ರಮಸಂಖ್ಯೆ 1

ಪ್ರತಿಗಳು:
– ಶ್ಯಾಮಲಮ್ಮ, ಸಲಹೆಗಾರ್ತಿ: ವರ್ಗಾವಣೆಯ ಪೆಟ್ಟಿಗೆ ಕಟ್ಟಿದ್ದಲ್ಲಿ ಬಿಚ್ಚಿಕೊಳ್ಳಲು.
– ಬಡಗಿ ಶ್ಯಾಮಣ್ಣ: ಬೆಂಚು ಸಿದ್ಧವಾದ ಮೇಲೆ ಅದರ ಮೇಲೆ ತಾವೂ ಸ್ವಲ್ಪ ಹೊತ್ತು ಕೂರಲು.
– ರಾಮಕ್ಕ ಮತ್ತು ಗೋವಿಂದಮ್ಮ: ಇಬ್ಬರಿಗೂ ಸೇರಿ ಒಂದೇ ಪ್ರತಿ, ಪರಸ್ಪರರಿಗೆ ಓದಿಹೇಳಲು.
– ಹನುಮಯ್ಯ, ನಾಟ್ರಾಂಪಾಳ್ಯ: ಮುಂದಿನ ಬಸ್ಸಿಗೆ.
– ಆವುಲಪ್ಪ: ಎಮ್ಮೆಯನ್ನು ಮನೆಯಲ್ಲಿ ಬಿಟ್ಟು ಬರಲು.
– ಹುಣಸೆ ಮರ, ಅವಲಪಲ್ಲಿ: ಮಾಹಿತಿಗಾಗಿ.
– ವರಲಕ್ಷ್ಮಮ್ಮ: ವಿಳಾಸವಿಲ್ಲದ ಕಾರಣ, ಸಂಜೆ ಬೀಗ ತೆಗೆಯುವಾಗ ಬಾಯಿಮಾತಿನಲ್ಲಿ ತಿಳಿಸಲಾಗುವುದು.