ಮಧುಗಿರಿಯ ಬೆಲ್ಟ್ ಪರೀಕ್ಷೆ ನಿಂತದ್ದು ಹೇಗೆ

ಕಳೆದ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ, ಮಧುಗಿರಿಯ ಹಳೆಯ ಕಡಲೆಕಾಯಿ ಗೋದಾಮಿನಲ್ಲಿ ಏರ್ಪಡಿಸಿದ್ದ ಕರಾಟೆ ಬೆಲ್ಟ್ ಪರೀಕ್ಷೆ ಆರಂಭವಾಗುತ್ತಿದ್ದಂತೆಯೇ ಸ್ಥಗಿತಗೊಂಡಿತು. ಯಾರ ಪ್ರಾಣಕ್ಕೂ ಅಪಾಯವಾಗಿಲ್ಲ. ಕಾರಣ ತಿಳಿದುಬಂದಿದೆ. ಕಾರಣ ನಾನು.

ನಾನು ಈ ತಾಲ್ಲೂಕಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ಅನುಮಾನವೇ ನನ್ನ ವೃತ್ತಿ. ಕೆರೆ ಕೋಡಿ ಬಿತ್ತು ಎಂದು ಯಾರಾದರೂ ಫೋನ್ ಮಾಡಿದರೆ, ಹೋಗಿ ಕಾಲು ಒದ್ದೆ ಮಾಡಿಕೊಂಡ ಮೇಲೆಯೇ ಬರೆಯುತ್ತೇನೆ. ಹೆಂಡತಿ ಗಿರಿಜಾ "ಸಾರಿಗೆ ಉಪ್ಪು ಹಾಕಿದೀನಿ" ಎಂದರೂ ಎರಡನೇ ಮೂಲದಿಂದ ಖಚಿತಪಡಿಸಿಕೊಳ್ಳುತ್ತೇನೆ. ಎರಡನೇ ಮೂಲ ಎಂದರೆ ನಮ್ಮತ್ತೆ ಪುಟ್ಟಕ್ಕ. ಊರು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ. ಸದ್ಯದ ವಾಸ ನಮ್ಮ ಮನೆ.

ನಮ್ಮ ಮಗಳು ಸಿರಿ ಏಳನೇ ತರಗತಿ. ಕರಾಟೆಯಲ್ಲಿ ಕಿತ್ತಳೆ ಬಣ್ಣದ ಬೆಲ್ಟ್. ಮುಂದಿನದು ಹಸಿರು. ಹಸಿರು ಬಂದರೆ ಮಾತ್ರ ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೆಸರು ಕೊಡಬಹುದು. ಅದಕ್ಕಾಗಿ ಅವಳು ಮೊಬೈಲ್ ಬಿಟ್ಟಿದ್ದಳು. ಆ ವಯಸ್ಸಿನ ಹುಡುಗಿ ಮೊಬೈಲ್ ಬಿಡುವುದು ಎಂದರೆ ಏನೆಂದು ಓದುಗರಿಗೆ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ತಾರಸಿಯ ಮೇಲೆ ಧಡ್ ಧಡ್ ಎಂದು ಕಾಲು ಬೀಳುತ್ತಿತ್ತು. ಕೆಳಗೆ ಸುಣ್ಣ ಉದುರುತ್ತಿತ್ತು.

ನನ್ನ ಅನುಮಾನ ಮಗಳ ಮೇಲಲ್ಲ. ಮೇಷ್ಟ್ರ ಮೇಲೆ.

ಕರಾಟೆ ಮೇಷ್ಟ್ರು ಓಬಳೇಶ್ ಪಾವಗಡದ ಕಡೆಯವರು. ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಮುಗಿಸುತ್ತಾರೆ. ಆದರೆ ಗೋದಾಮಿನ ಒಳಗೆ ಕಾಲಿಟ್ಟ ಕೂಡಲೇ ಜಪಾನಿ! ಶುರು ಮಾಡಿ ಎನ್ನುವುದಕ್ಕೆ 'ಹಾಜಿಮೆ', ನಿಲ್ಲಿಸಿ ಎನ್ನುವುದಕ್ಕೆ 'ಯಮೆ', ನಮಸ್ಕರಿಸಿ ಎನ್ನುವುದಕ್ಕೆ 'ರೇ'. ಮಕ್ಕಳು ಎಲ್ಲದಕ್ಕೂ 'ಓಸ್' ಎನ್ನುತ್ತಾರೆ. ಅರ್ಥವಾಯಿತು ಎಂದರೂ ಓಸ್, ಆಗಲಿ ಎಂದರೂ ಓಸ್, ನಮಸ್ಕಾರಕ್ಕೂ ಓಸ್. ಒಂದೇ ಪದ ಇಷ್ಟು ಕೆಲಸ ಮಾಡುವುದು ನನಗೆ ಅಸಹಜವಾಗಿ ಕಂಡಿತು. ನಮ್ಮಲ್ಲಿ ಒಂದೊಂದು ಕೆಲಸಕ್ಕೆ ಮೂರು ಇಲಾಖೆಗಳಿವೆ.

ಪಾವಗಡದ ಮನುಷ್ಯನಿಗೆ ಜಪಾನಿ ಎಲ್ಲಿಂದ ಬಂತು? ಮೊಬೈಲಿನಲ್ಲಿ ಪರಿಶೀಲಿಸಿದೆ. ಅವರು ಹೇಳಿದ ಪದಗಳೆಲ್ಲ ಸರಿಯಾಗಿದ್ದವು. ಆಗ ಮೊಬೈಲಿನ ಮೇಲೆ ಅನುಮಾನ ಬಂತು.

"ಪೋಷಕರನ್ನು ಮೆಚ್ಚಿಸೋಕೆ ಆಯಪ್ಪ ಸುಮ್ಮಸುಮ್ಮನೆ ಬೆಲ್ಟ್ ಕೊಡ್ತಾನೆ. ಅದನ್ನ ಮುಚ್ಚೋಕೆ ಈ ಜಪಾನಿ," ಎಂದೆ.

"ನಿಮ್ಮನ್ನ ಮೆಚ್ಚಿಸಿ ಅವರಿಗೆ ಆಗಬೇಕಾದ್ದೇನು?" ಎಂದಳು ಗಿರಿಜಾ.

ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆದ್ದರಿಂದ ತನಿಖೆ ಅನಿವಾರ್ಯವಾಯಿತು. ಓಬಳೇಶ್ ಆಗ ತಾನೇ ಪೋಷಕರಿಗೂ ಭಾನುವಾರದ ತರಗತಿ ತೆರೆದಿದ್ದರು. ಗುಟ್ಟಾಗಿ ಒಳನುಗ್ಗಿ ಸತ್ಯ ಬಯಲಿಗೆಳೆಯಲು ನಿರ್ಧರಿಸಿದೆ. ಗುಟ್ಟು ಎಂದರೆ, ಹೋಗಿ ಹೆಸರು ಬರೆಸಿದೆ. 'ಬೆಲ್ಟ್ ಬಣ್ಣ ಬಯಲು!' ಎಂಬ ತಲೆಬರಹವೂ ಸಿದ್ಧವಾಯಿತು. ಇನ್ನು ಸುದ್ದಿ ಸಿಗುವುದೊಂದೇ ಬಾಕಿ.

ಮೊದಲ ದಿನ ಬಾಗಿಲಲ್ಲೇ ತಡೆದರು.

"ಚೆಪ್ಪುಲು ಹೀಗೆ ಎಸೆಯಬಾರದು ಸಾರ್. ಜೋಡಿಯಾಗಿ, ಮೂತಿ ಹೊರಗಡೆ ಮಾಡಿ ಬಿಡಿ," ಎಂದರು ಓಬಳೇಶ್.

ಮೂತಿ ಹೊರಗೆ ಯಾಕೆ? ತಕ್ಷಣ ಓಡಿಹೋಗಲು ಅನುಕೂಲವಾಗಲೆಂದೇ? ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಒಳಗೆ ಹೋಗುವಾಗ ಬಗ್ಗಿ ನಮಸ್ಕರಿಸಬೇಕು. ಎದುರಿಗೆ ಯಾರೂ ಇಲ್ಲ, ಗೋಡೆ ಇದೆ. ಸುಮ್ಮನೆ ಗೋಡೆಗೆ ಬಗ್ಗುವುದೇ? ಗೋಡೆಯ ಹಿಂದೆ ಏನಿದೆ ಎಂದು ಹೋಗಿ ನೋಡಿ ಬಂದೆ. ಕಡಲೆಕಾಯಿ ಸಿಪ್ಪೆ ಇತ್ತು.

ಆಮೇಲೆ ಮಂಡಿಯೂರಿ ಹಿಮ್ಮಡಿಯ ಮೇಲೆ ಕೂರಿಸಿದರು. ಇದಕ್ಕೆ 'ಸೇಜಾ' ಎಂದು ಹೆಸರು. ಚಕ್ಕಂಬಕ್ಕಳ ಹಾಕಿ ಎಷ್ಟು ಪಂಕ್ತಿ ಬೇಕಾದರೂ ಊಟ ಮಾಡಬಲ್ಲ ನನ್ನ ಕಾಲುಗಳು ಇದಕ್ಕೆ ಒಪ್ಪಲಿಲ್ಲ. ಮೊದಲು ಜುಮ್ಮೆಂದವು, ಆಮೇಲೆ ಸುದ್ದಿಯೇ ಇಲ್ಲ. 'ಮೊಕುಸೋ' ಎಂದರು, ಕಣ್ಣು ಮುಚ್ಚಿ ಮನಸ್ಸು ಖಾಲಿ ಮಾಡಬೇಕಂತೆ. ಎಲ್ಲರ ಕಣ್ಣು ಮುಚ್ಚಿಸಿ ಈ ಮನುಷ್ಯ ಏನು ಮಾಡುತ್ತಾನೆ? ವರದಿಗಾರನಾಗಿ ಒಂದು ಕಣ್ಣು ತೆರೆದೆ. ಎದುರಿಗೆ ಓಬಳೇಶ್ ಕೂಡ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು.

ಇಬ್ಬರೂ ಮುಚ್ಚಿಕೊಂಡೆವು.

ಎದ್ದೇಳಿ ಎಂದಾಗ ಎಲ್ಲರೂ ಎದ್ದರು. ನಾನು ಪಕ್ಕಕ್ಕೆ ಉರುಳಿದೆ. ಮುಂದಿನ ಭಾನುವಾರ ಬೆಲ್ಟ್ ಪರೀಕ್ಷೆ, ಬೆಂಗಳೂರಿನಿಂದ ಹಿರಿಯ ಪರೀಕ್ಷಕರು ಬರುತ್ತಾರೆ, ಸಮವಸ್ತ್ರ ಬೆಲ್ಟ್ ಇಲ್ಲದ ಯಾರಿಗೂ ಒಳಗೆ ಪ್ರವೇಶವಿಲ್ಲ ಎಂಬ ಪ್ರಕಟಣೆಯನ್ನು ನಾನು ಮಲಗಿಕೊಂಡೇ ಕೇಳಿದೆ. ಹೊಸಬರಿಗೆಲ್ಲ ಬಿಳಿ ಸಮವಸ್ತ್ರ, ಬಿಳಿ ಬೆಲ್ಟ್ ಕೊಟ್ಟರು.

"ಒಂದು ಮಾತು ಸಾರ್. ಬಟ್ಟೆ ಒಗೀರಿ, ಬೆಲ್ಟ್ ಮಾತ್ರ ಒಗೀಬೇಡಿ. ಅದು ನಮ್ಮ ಶಿಸ್ತು."

ಒಗೆಯದ ಬೆಲ್ಟ್! ಇಲ್ಲೇ ಏನೋ ಇದೆ ಎಂದುಕೊಂಡೆ.

ಶನಿವಾರ ನಮ್ಮತ್ತೆ ಆ ಬೆಲ್ಟನ್ನು ಕಂಡರು. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ನಮ್ಮ ಮನೆಯಲ್ಲಿ ಕರವಸ್ತ್ರವನ್ನೂ ಬಳಸುವುದಿಲ್ಲ. ಸಾಮಾನ್ಯವಾಗಿ ಒಂದು ಬೊಟ್ಟು. ಆದರೆ ಇದು ಹೊಡೆದಾಟಕ್ಕೆ ಕಟ್ಟುವ ಬಟ್ಟೆ ಎಂದು ತಿಳಿದು, ಅಳಿಯನ ಸುರಕ್ಷತೆಯ ದೃಷ್ಟಿಯಿಂದ, ಅರಿಶಿನ ಕಲಸಿ ಎರಡೂ ತುದಿಗೆ ಧಾರಾಳವಾಗಿ ಬಳಿದು, ಹಸಿಯಾಗಿದ್ದಾಗಲೇ ಮಡಿಸಿ ಇಟ್ಟರು. ಭಾನುವಾರ ಬೆಳಿಗ್ಗೆ ಬಿಚ್ಚಿ ನೋಡಿದರೆ ಮಡಿಕೆ ಮಡಿಕೆಗೂ ಹಳದಿ.

"ಅತ್ತೆ, ಏನಿದು!"

"ಅರಿಸಿನ ಮುಟ್ಸ್ದೆ ಅಂಗೇ ಕಟ್ಕಂಡ್ ಓಯ್ತಿದ್ರಾ? ಒಳ್ಳೆ ಚೆಂದ!"

"ಕರಾಟೇಲಿ ಹಳದಿ ಅಂದ್ರೆ ಒಂದು ಪರೀಕ್ಷೆ ಪಾಸಾದೋರದು. ನಾನಿನ್ನೂ ನೆಟ್ಟಗೆ ಕೂರೋದನ್ನೇ ಕಲ್ತಿಲ್ಲ!"

"ಮತ್ತೆ ಒಳ್ಳೇದೇ ಆಯ್ತು ಬುಡಿ. ಪರೀಕ್ಸೆ ಇಲ್ದೆ ಪಾಸಾದ್ರಿ!"

ಸಿರಿಯನ್ನು ಗಿರಿಜಾ ಮುಂಚೆಯೇ ಕರೆದುಕೊಂಡು ಹೋಗಿದ್ದಳು. ಗೋದಾಮಿನ ಒಳಗಿರಬೇಕಾದರೆ ಬೆಲ್ಟ್ ಬೇಕು. ನಾನು ಶಾಂತಚಿತ್ತದಿಂದ ಯೋಚಿಸಿದೆ. ಒಂದು ಬಕೆಟ್ ನೀರಿಗೆ ಕೈತುಂಬ ಸೋಪಿನ ಪುಡಿ ಹಾಕಿ ಬೆಲ್ಟನ್ನು ಅದರಲ್ಲಿ ಮುಳುಗಿಸಿದೆ.

ಬೆಲ್ಟ್ ಕೆಂಪಾಯಿತು.

ಸೋಪು ಸಾಲದೆಂದು ಇನ್ನಷ್ಟು ಹಾಕಿ, ಚೆನ್ನಾಗಿ ಕಿವುಚಿದೆ. ಅಲ್ಲಲ್ಲಿ ಉಳಿದಿದ್ದ ಬಿಳುಪೂ ಹೋಗಿ, ತುದಿಯಿಂದ ತುದಿಗೆ ಒಂದೇ ಸಮ ಕೆಂಪಾಯಿತು.

ಅತ್ತೆ ಬಚ್ಚಲ ಬಾಗಿಲಿಗೆ ಬಂದು ಕೆನ್ನೆಗೆ ಕೈ ಹಚ್ಚಿದರು. "ಅಯ್ಯೋ ಅಳೀಮಯ್ಯ, ಅರಿಸಿನಕ್ಕೆ ಸುಣ್ಣ ಬಿದ್ರೂ ಅಂಗೇ, ಸೋಪು ಬಿದ್ರೂ ಅಂಗೇ. ನಿಮ್ ಮದ್ವೇಲಿ ಆರತಿ ನೀರು ಕಂಡಿರ್ನಿಲ್ವಾ?"

ಕಂಡಿದ್ದೆ. ಆದರೆ ಅಂದು ನನ್ನ ಗಮನ ಬೇರೆ ಕಡೆ ಇತ್ತು.

ನೀರಿನಲ್ಲಿ ಜಾಲಾಡಿಸಲು ಸಮಯವಿರಲಿಲ್ಲ. ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಒಣಗಿಸಿದೆ. ಕೆಂಪು ತಣ್ಣಗಾಗಿ ಗಂಭೀರವಾದ ಕಂದು ಬಣ್ಣಕ್ಕೆ ಬಂತು. ಯಾರು ಗಮನಿಸುತ್ತಾರೆ, ಹಿಂದಿನ ಸಾಲಿನಲ್ಲಿ ನಿಂತರಾಯಿತು ಎಂದುಕೊಂಡು ಸೊಂಟಕ್ಕೆ ಬಿಗಿದು ಸ್ಕೂಟರ್ ಹತ್ತಿದೆ. ಕರಾಟೆಯಲ್ಲಿ ಕಂದು ಎಂದರೆ ಕಪ್ಪಿನ ಹಿಂದಿನ ಮೆಟ್ಟಿಲು ಎಂಬುದು ನನಗೆ ಗೊತ್ತಿರಲಿಲ್ಲ. ತನಿಖೆ ಇನ್ನೂ ಆ ಹಂತ ತಲುಪಿರಲಿಲ್ಲ.

ಪರೀಕ್ಷಕರು ತೆಳ್ಳಗಿನ, ನಗದ ಮನುಷ್ಯ. ಕಪ್ಪು ಬೆಲ್ಟ್ ಸವೆದು ಅಂಚೆಲ್ಲ ಬಿಳಿಯಾಗಿತ್ತು. ಓಬಳೇಶ್ ಅವರ ಹಿಂದೆ, ಮದುವೆ ಮನೆಯ ಹೆಣ್ಣಿನ ತಂದೆಯಂತೆ ಕೈ ಕಟ್ಟಿ ನಿಂತಿದ್ದರು. ಮಕ್ಕಳೂ ಪೋಷಕರೂ ಸಾಲಾಗಿ ನಿಂತೆವು. ಸಾಲಿನಲ್ಲಿ ಬಲಗಡೆಯ ತುದಿ ಅತ್ಯಂತ ಹಿರಿಯ ಬೆಲ್ಟಿನವರದು. ಪರೀಕ್ಷಕರು ಸಾಲನ್ನು ನೋಡುತ್ತ ಬಂದು, ಎಡತುದಿಯಲ್ಲಿ ಅವಿತಿದ್ದ ನನ್ನ ಸೊಂಟದ ಮುಂದೆ ನಿಂತರು.

"ನೀವು ಇಲ್ಲಿ ಯಾಕಿದೀರಿ? ಬಲಕ್ಕೆ ಹೋಗಿ."

"ಪರವಾಗಿಲ್ಲ ಸಾರ್."

"ಶಿಸ್ತು! ಬಲಕ್ಕೆ!"

ಹಸಿರು, ನೀಲಿ ಬೆಲ್ಟಿನ ಮಕ್ಕಳನ್ನೆಲ್ಲ ದಾಟಿ ಬಲತುದಿಗೆ ಹೋಗಿ ನಿಂತೆ. ಸಿರಿ ನನ್ನನ್ನು ನೋಡಿದಳು. ನನ್ನ ಸೊಂಟವನ್ನು ನೋಡಿದಳು. ಅವಳ ಮುಖದ ಬಣ್ಣವೂ ಬದಲಾಯಿತು. ಓಬಳೇಶ್ ಬಾಯಿ ತೆರೆದರು. ಆದರೆ ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕುವುದು ಅವರ ಶಿಸ್ತಿಗೆ ವಿರುದ್ಧ. ಮುಚ್ಚಿಕೊಂಡರು.

ಪರೀಕ್ಷಕರು ಎದುರಿಗೆ ನಿಂತು ಕಾದರು. ಎಲ್ಲರೂ ಕಾದರು. ಯಾಕೆ ಕಾಯುತ್ತಿದ್ದಾರೆ ಎಂದು ನಾನೂ ಕಾದೆ.

ಪಕ್ಕದ ನೀಲಿ ಬೆಲ್ಟಿನ ಹುಡುಗಿ ಪಿಸುಗುಟ್ಟಿದಳು: "ಅಂಕಲ್, ನೀವೇ ಹೇಳ್ಬೇಕು. ಬಲಗಡೆ ಇರೋರೇ ಆರ್ಡರ್ ಕೂಗೋದು."

"ಏನಂತ?"

"ಜಪಾನೀಲಿ!"

ಕುಳಿತುಕೊಳ್ಳಿ, ಕಣ್ಣು ಮುಚ್ಚಿ, ಗುರುವಿಗೆ ನಮಸ್ಕರಿಸಿ: ಇಷ್ಟನ್ನು ನಾನು ಕೂಗಬೇಕಿತ್ತು. ತಲೆ ಪೂರ್ತಿ ಖಾಲಿ. ಮೊಕುಸೋದಲ್ಲಿ ಆಗದ್ದು ಈಗ ಆಯಿತು. ಆ ಖಾಲಿ ಬಯಲಿನಲ್ಲಿ ಒಂದೇ ಒಂದು ಪದ ಒಂಟಿಯಾಗಿ ನಿಂತಿತ್ತು. ಎದೆ ಉಬ್ಬಿಸಿ ಕೂಗಿದೆ:

"ಹಾಜಿಮೆ!"

ಮಕ್ಕಳು ಶಿಸ್ತಿನವರು. ಶುರು ಮಾಡಿ ಎಂದರೆ ಶುರು ಮಾಡುತ್ತಾರೆ. ಇಡೀ ಸಾಲು 'ಓಸ್!' ಎಂದು ಅಬ್ಬರಿಸಿ, ಅಕ್ಕಪಕ್ಕದವರ ಕಡೆ ತಿರುಗಿ ಹೊಡೆದಾಟಕ್ಕೆ ಇಳಿಯಿತು! ಔಷಧಿ ಅಂಗಡಿಯ ಮಾಲೀಕರೊಬ್ಬರ ಮೇಲೆ ಅವರ ಮಗನೇ ಬಿದ್ದ. ನೀಲಿ ಬೆಲ್ಟಿನ ಹುಡುಗಿ ನನ್ನ ಹೊಟ್ಟೆಗೆ ಒಂದು ಗುದ್ದು ಕೊಟ್ಟು, "ಸಾರಿ ಅಂಕಲ್," ಎಂದು ಇನ್ನೊಂದು ಕೊಟ್ಟಳು.

"ಯಮೆ! ಯಮೆ!" ಪರೀಕ್ಷಕರು ಕಿರುಚಿದರು. ಗೋದಾಮು ಸ್ತಬ್ಧವಾಯಿತು. ನಾನು ಸೇಜಾ ಸ್ಥಿತಿಯಲ್ಲಿದ್ದೆ, ಯಾರೂ ಹೇಳದೆಯೇ.

ಪರೀಕ್ಷಕರು ಓಬಳೇಶ್ ಕಡೆ ತಿರುಗಿದರು. "ಈ ಮನುಷ್ಯನಿಗೆ ಕಂದು ಬೆಲ್ಟ್ ಕೊಟ್ಟೋರು ಯಾರು?"

"ನೇನು ಇವ್ವಲೇದು ಸಾರ್! ನಾನು ಕೊಟ್ಟಿಲ್ಲ! ದೇವುಡಾಣೆ!"

"ಮತ್ತೆ ಯಾರು ಕೊಟ್ಟಿದ್ದು?"

ಎಲ್ಲರೂ ನನ್ನನ್ನು ನೋಡಿದರು. ಸತ್ಯ ಹೇಳುವುದು ನನ್ನ ವೃತ್ತಿಧರ್ಮ.

"ನಮ್ಮತ್ತೆ," ಎಂದೆ.

ಪರೀಕ್ಷಕರು ಬಗ್ಗಿ ನೋಡಿದರು. ಬೆವರು ಇಳಿದ ಕಡೆಯೆಲ್ಲ ಬೆಲ್ಟ್ ಕಂದಿನಿಂದ ಹಳದಿಗೆ ತಿರುಗುತ್ತಿತ್ತು. ಅವರ ಕಣ್ಣೆದುರೇ ನನಗೆ ಹಿಂಬಡ್ತಿಯಾಗುತ್ತಿತ್ತು. ಅರಿಶಿನ, ಸೋಪಿನ ಕಥೆಯನ್ನೆಲ್ಲ ಹೇಳಿದೆ. ಅವರು ನಂಬಲಿಲ್ಲ. ಅನುಮಾನದ ಮನುಷ್ಯ. ಬಣ್ಣ ಬಳಿದು ಬೆಲ್ಟ್ ಹಂಚುವ ಕಡೆ ಪರೀಕ್ಷೆ ನಡೆಸುವುದಿಲ್ಲ, ಇಲ್ಲಿನ ಎಲ್ಲ ಬೆಲ್ಟ್‌ಗಳನ್ನೂ ಮೊದಲಿನಿಂದ ಪರಿಶೀಲಿಸಬೇಕಾಗುತ್ತದೆ ಎಂದು ಹೇಳಿ ಹೊರಟರು. ನಾನು ಯಾವ ಆರೋಪವನ್ನು ಓಬಳೇಶ್ ಮೇಲೆ ಸಾಬೀತು ಮಾಡಲು ಹೋಗಿದ್ದೆನೋ, ಅದಕ್ಕೆ ಬೇಕಾದ ಏಕೈಕ ಸಾಕ್ಷ್ಯವನ್ನು ನನ್ನ ಸೊಂಟಕ್ಕೆ ನಾನೇ ಕಟ್ಟಿಕೊಂಡು ಹೋಗಿ ಒಪ್ಪಿಸಿದ್ದೆ.

ಮನೆಗೆ ಬರುವಾಗ ಸಿರಿ ಸ್ಕೂಟರಿನ ಹಿಂದೆ ಕುಳಿತಿದ್ದಳು. ನನ್ನನ್ನು ಹಿಡಿದುಕೊಳ್ಳಲಿಲ್ಲ. ಕ್ಯಾರಿಯರ್ ಹಿಡಿದುಕೊಂಡಳು. ಮನೆ ಹತ್ತಿರ ಬಂದಾಗ ಒಂದು ಮಾತು ಹೇಳಿದಳು.

"ಪಂದ್ಯಕ್ಕೆ ಹೆಸರು ಕೊಡೋಕೆ ಈ ತಿಂಗಳೇ ಕೊನೆ ಅಪ್ಪ."

ನನಗೆ ಹೊಟ್ಟೆಯ ಗುದ್ದು ಆಗ ಸರಿಯಾಗಿ ನೋಯತೊಡಗಿತು.

ಓಬಳೇಶ್ ಅವರ ಬಳಿಗೆ ಹೋದೆ. ಚಪ್ಪಲಿಯ ಮೂತಿ ಹೊರಗೆ ಮಾಡಿ ಬಿಟ್ಟೆ. ನಡೆದದ್ದೆಲ್ಲ ಹೇಳಿದೆ, ತಲೆಬರಹದ ಸಮೇತ. ಅವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅದು ಇನ್ನೂ ಅನುಮಾನಾಸ್ಪದವಾಗಿತ್ತು.

"ಮೊದಲೇ ಕೇಳಿದ್ರೆ ನಾನೇ ಚೆಪ್ಪೇವಾಣ್ಣಿ ಸಾರ್. ಹೇಳ್ತಿದ್ದೆ. ಜಪಾನಿ ನನಗೂ ಅಷ್ಟೇ ಬರೋದು. ಅನಂತಪುರದ ನಮ್ಮ ಗುರುಗಳು ಹೇಳಿಕೊಟ್ಟಷ್ಟು. ಆದರೆ ಪಿಲ್ಲಲಕಿ, ಮಕ್ಕಳಿಗೆ, ಬೆಲ್ಟ್ ಮಾತ್ರ ನಾನು ಪುಕ್ಕಟೆ ಕೊಟ್ಟೋನಲ್ಲ." ಅವರ ಕಣ್ಣು ಕೆಂಪಾಗಿತ್ತು. ಆರತಿ ನೀರಿನಿಂದಲ್ಲ.

ಅವರೇ ಬೆಂಗಳೂರಿಗೆ ಮತ್ತೆ ಮತ್ತೆ ಫೋನ್ ಮಾಡಿ, ಕೊನೆಗೆ ಪರೀಕ್ಷಕರನ್ನು ಒಪ್ಪಿಸಿದರು. ಪರೀಕ್ಷಕರು ಎರಡು ಷರತ್ತು ಹಾಕಿದರು. ಒಂದು, ಆ ಬಣ್ಣದ ಕಥೆ ನಿಜವೆಂದು ಕಣ್ಣೆದುರು ತೋರಿಸಬೇಕು. ಎರಡು, ಆ ಮನುಷ್ಯ ಬಾಗಿಲು ದಾಟಬಾರದು.

ಹೀಗಾಗಿ ತಿಂಗಳ ಕೊನೆಯ ಭಾನುವಾರದ ಕಲಾಪವನ್ನು ನಾನು ಕಿಟಕಿಯ ಸರಳು ಹಿಡಿದು, ಕಡಲೆಕಾಯಿ ಸಿಪ್ಪೆಯ ರಾಶಿಯ ಮೇಲೆ ನಿಂತು ವರದಿ ಮಾಡಬೇಕಾಯಿತು. ಒಳಗೆ ಸಿರಿ ಬಾಗಿಲಲ್ಲಿ ಬಗ್ಗಿ, ಬಕೆಟ್ ಇಟ್ಟು, ಮಂಡಿಯೂರಿ ಕೂತಳು. ಬಿಳಿ ಬಟ್ಟೆಯೊಂದಕ್ಕೆ ಅರಿಶಿನ ಹಚ್ಚಿದಳು: ಹಳದಿ. ಸೋಪಿನ ನೀರಿಗೆ ಅದ್ದಿದಳು: ಕೆಂಪು. ನಿಂಬೆಹಣ್ಣು ಹಿಂಡಿದಳು: ಮತ್ತೆ ಹಳದಿ. ಪರೀಕ್ಷಕರು ಬಟ್ಟೆ ತೆಗೆದುಕೊಂಡು ಮೂಸಿದರು, ಬೆಳಕಿಗೆ ಹಿಡಿದರು, ನಿಂಬೆಹಣ್ಣನ್ನೂ ಮೂಸಿದರು.

ಹೊರಗೆ ಕಾಯುತ್ತಿದ್ದ ಗಿರಿಜಾ ಕಿಟಕಿಯ ಬಳಿ ಬಂದು ಮೆಲ್ಲಗೆ ಅಂದಳು: "ನಿಮ್ಮ ಥರಾನೇ ಇದಾರೆ ಕಣ್ರೀ. ಪಾಪ, ಅವರ ಹೆಂಡ್ತಿ."

ಪರೀಕ್ಷಕರು ಬಟ್ಟೆ ಕೆಳಗಿಟ್ಟು, "ಓಸ್," ಎಂದರು.

ಪರೀಕ್ಷೆ ಮಧ್ಯಾಹ್ನದವರೆಗೆ ನಡೆಯಿತು. ಸಿರಿಗೆ ಹಸಿರು ಬೆಲ್ಟ್ ದೊರೆಯಿತು. ಪಂದ್ಯಕ್ಕೆ ಅವಳ ಹೆಸರನ್ನು ಅಂದೇ ಸಂಜೆ ಓಬಳೇಶ್ ಕಳಿಸಿದರು. ಬೆಲ್ಟ್ ಪಡೆದ ಮಕ್ಕಳ ಚಿತ್ರ ಈ ಮಂಗಳವಾರ ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರಕಟವಾಗಿದೆ. ಮೂಲ ಚಿತ್ರದಲ್ಲಿ ಮಕ್ಕಳ ಹಿಂದೆ ಕಿಟಕಿಯೂ, ಸರಳುಗಳ ನಡುವೆ ಒಂದು ಮುಖವೂ ಇತ್ತು. ಅಚ್ಚಾದ ಚಿತ್ರದಲ್ಲಿ ಡೆಸ್ಕಿನವರು ಅಷ್ಟು ಭಾಗವನ್ನು ಕತ್ತರಿಸಿದ್ದಾರೆ.