ನೇರಳೆ ಸೀಲಿನ ಹತ್ತಿಕಾಯಿ

ಆಂಧ್ರದ ಗಡಿಯೂರು ಕೋಸಗಿಯ ಸ್ಟೇಷನರಿ ಅಂಗಡಿಯಲ್ಲಿ ಹಸಿರು ಬಣ್ಣದ ಸ್ಟ್ಯಾಂಪ್ ಪ್ಯಾಡ್ ಸಿಕ್ಕಿದ್ದರೆ ಎರ್ರಿಸ್ವಾಮಿಯ ಭಾನುವಾರ ತಣ್ಣಗೆ ಕಳೆದುಹೋಗುತ್ತಿತ್ತು. ಸಿಗಲಿಲ್ಲ. "ಹಸ್ರು ಯಾರು ಒಯ್ತಾರಪಾ? ಆಫೀಸಿನೋರೆಲ್ಲಾ ನೇರಳೇನಾ ಕೇಳ್ತಾರ," ಎಂದು ಅಂಗಡಿಯವನು ಒಂದು ನೇರಳೆ ಪ್ಯಾಡಿನ ಧೂಳು ಒರೆಸಿ ಮುಂದಿಟ್ಟಿದ್ದ.

ಎರ್ರಿಸ್ವಾಮಿ ಬಸ್ ಕಂಡಕ್ಟರ್. ಟಿಕೆಟಿನ ಕಟ್ಟುಗಳು ಹೋಗಿ ಕೈಗೆ ಮಷೀನು ಬಂದ ಮೇಲೆ ಅವನ ಬೆರಳುಗಳಿಗೆ ಕಾಗದದ ಚಟ ಮಾತ್ರ ಉಳಿದುಕೊಂಡಿತ್ತು. ಮನೆಗೆ ಬಂದ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ, ಮಡಚಿ, ಅಂಚಿಗೆ ಬಣ್ಣದ ಕಾಗದ ಅಂಟಿಸಿ ಶುಭಾಶಯದ ಕಾರ್ಡು ಮಾಡುತ್ತಿದ್ದ. ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಬ್ಲೇಡಿನಿಂದ ಕೊರೆದು ಅಚ್ಚು ಮಾಡಿ ಒತ್ತುತ್ತಿದ್ದ. ಈ ಸಲ ಕೊರೆದದ್ದು ಬಾಯಿಬಿಟ್ಟ ಹತ್ತಿಕಾಯಿ. ಸುತ್ತ ಎಲೆಗಳ ಬಳ್ಳಿ. ಹಿಮ್ಮಡಿ ದುಂಡಗಿದ್ದುದರಿಂದ ಅಚ್ಚೂ ದುಂಡಗಾಯಿತು.

ಇದೆಲ್ಲ ಆದೋನಿಯ ಕಾಗದ ಕಲಾ ಬಳಗದ ಸಲುವಾಗಿ. ಬಳಗ ಹೆಚ್ಚಾಗಿ ಫೋನಿನಲ್ಲೇ ಬದುಕಿತ್ತು. ಯಾರಾದರೂ ಕಾರ್ಡಿನ ಚಿತ್ರ ಹಾಕಲಿ, ಕಾಲು ಮುರಿದ ಸುದ್ದಿ ಹಾಕಲಿ, ಎಲ್ಲರೂ ಎರಡು ಚಪ್ಪಾಳೆ ಒಂದು ಹೂವು ಕಳಿಸುತ್ತಿದ್ದರು. ತಿಂಗಳಿಗೊಮ್ಮೆ ಮಾತ್ರ ಫಂಕ್ಷನ್ ಹಾಲಿನಲ್ಲಿ ಸೇರಿ, ತಾವು ಮಾಡಿದ ಕಾರ್ಡುಗಳನ್ನು ಒಬ್ಬರಿಗೊಬ್ಬರು ಬದಲಿಸಿಕೊಳ್ಳಬೇಕು. ಎರ್ರಿಸ್ವಾಮಿ ಡ್ಯೂಟಿಯ ದೆಸೆಯಿಂದ ಹಿಂದಿನ ಕೂಟಗಳಿಗೆ ಹೋಗಿರಲಿಲ್ಲ. ಬಳಗ ನಡೆಸುವ ಶಿವಲೀಲಾ ಮೇಡಂ ಖಡಾಖಂಡಿತವಾಗಿ ಬರೆದಿದ್ದರು: ಈ ಭಾನುವಾರವೂ ಕಾರ್ಡು ತರದವರ ಹೆಸರನ್ನು ತೆಗೆದುಹಾಕಲಾಗುವುದು. ಜಗತ್ತಿನಲ್ಲಿ ಅವನ ಕಾರ್ಡಿಗೆ ಚಪ್ಪಾಳೆ ತಟ್ಟುವ ಜಾಗ ಅದೊಂದೇ. ಮನೆಯಲ್ಲಂತೂ ಹೆಂಡತಿ ಉರುಕುಂದಮ್ಮ ಅವನ್ನು "ಕಸ" ಎನ್ನುತ್ತಿದ್ದಳು.

ಬೆಳಿಗ್ಗೆ ಅಚ್ಚೊತ್ತಿದ ಶಾಯಿ ಆರಲಿಲ್ಲ. ಕರೆಂಟು ಹೋಗಿತ್ತು. ಎರ್ರಿಸ್ವಾಮಿ ಕಾರ್ಡುಗಳನ್ನೆಲ್ಲ ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಹರವಿ, ಗಾಳಿಗೆ ಹಾರದಂತೆ ಒಂದೊಂದಕ್ಕೂ ಒಂದೊಂದು ಹರಳು ಇಟ್ಟ.

ಆಗ ಪಕ್ಕದ ಮನೆಯ ಬಸವಕ್ಕ ಕೊಡ ಹೊತ್ತು ಬಂದಳು.

ಬಸವಕ್ಕನಿಗೆ ಓದು ಬರದು. ಆದರೆ ಸೀಲು ಬರುತ್ತದೆ. ಸೀಲಿಲ್ಲದ ಕಾಗದ ಮನೆಗೆ ವಾಪಸು ಕಳಿಸುತ್ತದೆ, ಸೀಲಿದ್ದ ಕಾಗದ ಮುಂದಿನ ಕಿಟಕಿಗೆ ಕಳಿಸುತ್ತದೆ ಎಂಬುದನ್ನು ಅವಳು ಎಷ್ಟೋ ಆಫೀಸುಗಳ ಅಂಗಳದಲ್ಲಿ ಕೂತು ಕಲಿತಿದ್ದಳು. ನೇರಳೆ ಬಣ್ಣ, ದುಂಡನೆ ಗೆರೆ, ನಡುವೆ ಏನೋ ಒಂದು ಗುರುತು. ಅವಳ ನಡಿಗೆ ನಿಂತಿತು.

"ಇದೇನೋ ತಮ್ಮಾ, ಕಟ್ಟಿ ತುಂಬಾ ಸೀಲು ಒಣಾಕೀದಿ?"

"ನಾನಾ ಮಾಡೀನಕ್ಕಾ. ಚೆಂದ ಅದಾವಾ?"

"ಭಾಳ ಚೆಂದ ಬಿದ್ದಾವ. ಯಾತಕ್ಕ ಇವು?"

ಇಷ್ಟು ವರ್ಷದಲ್ಲಿ ಓಣಿಯವರು ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಅವನ ಎದೆ ಪೂರಿಯಂತೆ ಉಬ್ಬಿತು. "ಮಧ್ಯಾನ್ನ ಆದೋನ್ಯಾಗ ಫಂಕ್ಷನ್ ಹಾಲ್‌ನಾಗ ಎಲ್ಲಾರೂ ಸೇರ್ತೀವಿ. ಇದನ್ನ ಕೊಟ್ರ, ಇದರ ಬದ್ಲಿ ಅವರೊಂದು ಕೊಡ್ತಾರ."

"ಏನು ಕೊಡ್ತಾರ?"

"ಅದಾ ಮಜಾ. ಕೈಗೆ ಬರೋತನಕ ಗೊತ್ತಾಗಂಗಿಲ್ಲ."

"ಕಾರ್ಡ್ ಇಲ್ದೋರಿಗೆ?"

"ಏನೂ ಇಲ್ಲ. ಹೆಸರಾ ತೆಗೆದ್ಹಾಕ್ತಾರ."

ಬಸವಕ್ಕ ಕೊಡ ಇಳಿಸಿದಳು. "ನನಗೊಂದು ಕೊಡಪಾ."

ಎರ್ರಿಸ್ವಾಮಿ ಕಾರ್ಡುಗಳ ಮೇಲೆ ಬಗ್ಗಿದ. ಚೆನ್ನಾಗಿ ಬಿದ್ದದ್ದನ್ನೇ ಆರಿಸಿ ಕೊಟ್ಟು, "ನೀರು ತಾಕಿಸಬ್ಯಾಡಕ್ಕಾ, ಸೀಲು ಅಳಿಸಿ ಹೋಗ್ತೈತಿ," ಎಂದ.

ಅವನು ಆಡಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಬಸವಕ್ಕ ಕಾರ್ಡನ್ನು ಎಲೆಯಡಿಕೆ ಚೀಲದಲ್ಲಿಟ್ಟು, ಕೊಡವನ್ನು ಅಲ್ಲೇ ಬಿಟ್ಟು, ಮನೆಗೆ ಹೋಗುವ ಬದಲು ದಸ್ತಗಿರಿಯ ಚಹಾದಂಗಡಿಯ ಕಡೆಗೆ ನಡೆದಳು.

ಸ್ವಲ್ಪ ಹೊತ್ತಿಗೆ ದಸ್ತಗಿರಿ ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸುತ್ತಾ ಬಂದ. ಹಿಂದೆ ಕುರಿಯ ಕೆಂಚಣ್ಣ, ಅವನ ಹಿಂದೆ ಚಹಾ ಅರ್ಧಕ್ಕೇ ಬಿಟ್ಟವರು.

"ಕಂಡಕ್ಟರಣ್ಣಾ, ಮನಿಗೊಂದಾ, ತಲಿಗೊಂದಾ?" ಎಂದ ದಸ್ತಗಿರಿ.

ಕಲೆ ಎಂಬುದು ಒಮ್ಮೆ ಹತ್ತಿಕೊಂಡರೆ ಹೇಗೆ ಹರಡುತ್ತದೆ ಎಂದು ಬೆರಗಾಗುತ್ತ ಎರ್ರಿಸ್ವಾಮಿ ಅವನಿಗೊಂದು ಕೊಟ್ಟ. ಇನ್ನೊಬ್ಬನಿಗೊಂದು ಕೊಟ್ಟ. ಕೆಂಚಣ್ಣ ಮುಂದೆ ಬಂದು, "ನಮ್ಮವ್ವ ಎದ್ದು ನಡ್ಯಂಗಿಲ್ಲ. ಆಕಿ ಬದ್ಲಿ ನಾ ಹೆಬ್ಬಟ್ಟು ಒತ್ತಿದ್ರ ನಡೀತೈತಾ?" ಎಂದು ಕೇಳಿದಾಗ ಅವನ ಬೆರಗು ಬಸ್ಸಿನ ಟೈರಿನ ಗಾಳಿಯಂತೆ ಸುಯ್ ಎಂದು ಇಳಿಯಿತು.

"ಹೆಬ್ಬಟ್ಟು ಯಾಕೋ ಕೆಂಚಣ್ಣಾ? ಇದು ಸುಮ್ನ ಕಾರ್ಡು. ಇದರಿಂದ ಏನೂ ಬರಂಗಿಲ್ಲ!"

"ಏನೂ ಬರಂಗಿಲ್ಲಂದ್ರ ಸೀಲ್ಯಾಕ ಹಾಕೀದಿ?" ಎಂದ ದಸ್ತಗಿರಿ.

ಎರ್ರಿಸ್ವಾಮಿ ಒಂದು ಕಾರ್ಡು ಎತ್ತಿ ಹಿಡಿದ. "ಅದು ಸೀಲಲ್ಲಪಾ, ಹತ್ತಿಕಾಯಿ," ಎಂದ.

"ಹತ್ತಿಕಾಯಿ! ಹಂಗಂದ್ರ ಹತ್ತಿ ಬಿತ್ತಿದೋರಿಗೆ ಅನ್ನು." ದಸ್ತಗಿರಿ ಎಲ್ಲರ ಕಡೆ ತಿರುಗಿದ. "ಹತ್ತಿಯೋರಿಗೆ ಏನೋ ಬಂದೈತಿ."

"ಕುರಿಯೋರು ಏನು ಪಾಪ ಮಾಡೀವಿ?" ಕೆಂಚಣ್ಣನ ದನಿ ಏರಿತು. "ನಮಗ ಕುರಿ ಸೀಲು ಯಾಕ ಹಾಕಿಲ್ಲ? ಪ್ರತೀ ಸಲಾ ಇದಾ ಆತು!"

ಎರ್ರಿಸ್ವಾಮಿ ಕಟ್ಟೆಯ ಮೇಲೆ ಹತ್ತಿ ನಿಂತು, ಇದು ಕೈಕಸುಬು, ಖುಷಿಗೆ ಮಾಡುವುದು, ಕೊಟ್ಟವರು ವಾಪಸು ಕೊಡಿ ಎಂದು ಕೈ ಮುಗಿದ. ಒಂದು ಕಾರ್ಡೂ ವಾಪಸು ಬರಲಿಲ್ಲ. "ಖುಷಿಗಂತ!" ಎಂದು ಯಾರೋ ನಕ್ಕರು. "ಮ್ಯಾಲಿನೋರು ಹಂಗಾ ಅನ್ರಿ ಅಂತ ಹೇಳಿರ್ತಾರ."

ಅಷ್ಟರಲ್ಲಿ ರಾಮಾಂಜನೇಯ ಬಂದ. ಓಣಿಯಲ್ಲಿ ಬೋರು ಕೊರೆದರೂ ಕೂಸು ಹುಟ್ಟಿದರೂ ತನಗೆ ಮೊದಲು ತಿಳಿಯಬೇಕು ಎನ್ನುವ ಆಸಾಮಿ. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಅಧಿಕಾರ ಬಂದಾಗ ಅವನಿಗೆ ತೆಲುಗು ಬರುತ್ತಿತ್ತು.

"ಎವುರ್ನಡಿಗಿ ಪಂಚ್ತಾಂಡಾವ್?" ಎಂದು ಗದರಿ, ಹಿಂದೆ ನಿಂತವರಿಗೂ ತಿಳಿಯಲೆಂದು ಕನ್ನಡಕ್ಕೆ ಬಂದ. "ಯಾರನ್ನ ಕೇಳಿ ಹಂಚಾಕತ್ತೀದಿ ಎರ್ರಿಸ್ವಾಮಿ?"

"ರಾಮಾಂಜನೇಯಣ್ಣಾ, ನೀವರಾ ಹೇಳ್ರಿ ಇವರಿಗೆ. ಇದು ಯಾವ ಸ್ಕೀಮೂ ಅಲ್ಲ. ಚಪ್ಪಲೀಲೆ ಒತ್ತೀನಿ."

ರಾಮಾಂಜನೇಯ ಒಂದು ಕಾರ್ಡು ಎತ್ತಿ ಬಿಸಿಲಿಗೆ ಹಿಡಿದ. ತಿರುಗಿಸಿದ. ಹಿಂದೆ ಯಾರದೋ ಮದುವೆಯ ಸುಮುಹೂರ್ತ ಇತ್ತು. ಅದೇನೆಂದು ಅವನಿಗೆ ತಿಳಿಯಲಿಲ್ಲ. ಆದರೆ ತನಗೆ ತಿಳಿಯಲಿಲ್ಲ ಎಂಬುದು ಓಣಿಗೆ ತಿಳಿಯಬಾರದು. ಗಂಟಲು ಸರಿಮಾಡಿಕೊಂಡ.

"ಇದಾ? ಇದು ನಾನಾ ಮ್ಯಾಲೆ ಮಾತಾಡಿ ಸ್ಯಾಂಕ್ಷನ್ ಮಾಡ್ಸಿದ್ದು. ಹಿಂಗ ಕಟ್ಟಿ ಮ್ಯಾಲೆ ಇಡಬ್ಯಾಡಪಾ ಅಂತ ಹೇಳಿದ್ದೆ ಇವಗ." ಹರಳುಗಳನ್ನು ಸರಿಸಿ ಉಳಿದ ಕಾರ್ಡುಗಳನ್ನೆಲ್ಲ ಬಾಚಿಕೊಂಡು, ತನ್ನ ಕಡೆಯವರನ್ನು ಹೆಸರು ಹಿಡಿದು ಕರೆದು ಹಂಚತೊಡಗಿದ.

ಸಿಗದವರು ಸುಮ್ಮನಿರಲಿಲ್ಲ. ಮನೆಗೆ ಓಡಿ ಲಗ್ನಪತ್ರಿಕೆ, ಕ್ಯಾಲೆಂಡರಿನ ಹಾಳೆ, ಸೀರೆಯ ಡಬ್ಬಿಯ ರಟ್ಟು ಹಿಡಿದು ಬಂದರು. "ಕಾಗದ ನಮ್ದು, ಸೀಲೊಂದು ಒತ್ತು!" ಎಂದು ಮುತ್ತಿದರು. ಎರ್ರಿಸ್ವಾಮಿ ಒತ್ತಿದ. ಒತ್ತಿ ಒತ್ತಿ ರಬ್ಬರು ಸವೆದು ಎಲೆಬಳ್ಳಿ ಹೋಯಿತು, ಕಾಯಿ ಹೋಯಿತು. ಕೊನೆಗೆ ಬಂದ ಕೆಂಚಣ್ಣನ ಕಾರ್ಡಿನ ಮೇಲೆ ನೇರಳೆ ಬಣ್ಣದ ಒಂದು ಕಲೆ ಮಾತ್ರ ಬಿತ್ತು. "ಹಿಂಗಾ ಇರ್ಲಿ. ಕುರಿ ಅಂದ್ರ ಕುರಿಯಂಗಾ ಕಾಣ್ತೈತಿ," ಎಂದು ಕೆಂಚಣ್ಣ ಸಮಾಧಾನಪಟ್ಟ.

ಈ ಗದ್ದಲದಲ್ಲಿ ಎರ್ರಿಸ್ವಾಮಿ ಒಂದೇ ಒಂದು ಕಾರ್ಡನ್ನು ಅಂಗಿಯ ಜೇಬಿಗೆ ಸೇರಿಸಿದ್ದ. ಒಂದಿದ್ದರೂ ಸಾಕು, ಹೆಸರು ಉಳಿಯುತ್ತದೆ.

ರಾಮಾಂಜನೇಯ ಗಾಡಿ ತರಿಸಿದ. ಗುಂಟೂರಿನ ಕಡೆ ಮೆಣಸಿನಕಾಯಿ ಕೀಳಲು ಜನರನ್ನು ಒಯ್ಯುವ ಟೆಂಪೊ. ಅದಕ್ಕೆ ಜನರನ್ನು ತುಂಬಿಕೊಳ್ಳುವುದು ಹೊಸದೇನಲ್ಲ. ಎರ್ರಿಸ್ವಾಮಿ ಹಿಂಬಾಗಿಲಿಗೆ ಜೋತುಬಿದ್ದ. ಒಳಗೆ ಹೊಸ ಸೀರೆಯುಟ್ಟು ಕೂತಿದ್ದ ಉರುಕುಂದಮ್ಮ ಅವನ ಜೇಬಿನತ್ತ ನೋಡಿದಳು.

"ನೋಡ್ರಿ, ಊರಿಗೆಲ್ಲಾ ಕೊಟ್ರಿ. ಮನಿಯಾಕಿಗೆ ಇಲ್ಲೇನು?"

"ನೀನಾ ಕಸ ಅಂದಿದ್ಯಲ್ಲಾ?"

"ಅವಾಗ ಸೀಲು ಬಿದ್ದಿದ್ದಿಲ್ಲ," ಎಂದು ಉರುಕುಂದಮ್ಮ ಕೈಹಾಕಿ ಕಾರ್ಡನ್ನು ಎಳೆದುಕೊಂಡಳು. ಹೆಂಗಸರೆಲ್ಲ ಅವಳ ಪರವಾಗಿ ಮಾತಾಡಿದರು. ಟೆಂಪೊ ಆದೋನಿಯ ಗುಡ್ಡಗಳ ಕಡೆಗೆ ಓಡಿತು.

ಫಂಕ್ಷನ್ ಹಾಲಿನಲ್ಲಿ ಶಿವಲೀಲಾ ಮೇಡಂ ಖಾಲಿ ಕುರ್ಚಿಗಳ ಮುಂದೆ ನಿಂತು ಬೆವರುತ್ತಿದ್ದರು. ಬಳಗದ ಬಹುತೇಕರು ಫೋನಿನಲ್ಲೇ ಹೂವು ಕಳಿಸಿ ಮನೆಯಲ್ಲಿ ಮಲಗಿದ್ದರು. ಬಂದ ನಾಲ್ಕಾರು ಜನರ ಕಾರ್ಡುಗಳು ಆನ್‌ಲೈನಿನಲ್ಲಿ ತರಿಸಿದವು. ಅವರ ಕೈ ತಾಗಿದ್ದು ಪೊಟ್ಟಣ ಬಿಚ್ಚುವಾಗ ಮಾತ್ರ. ವೇದಿಕೆಯ ಮೇಲೆ ಮುಖ್ಯ ಅತಿಥಿ, ಹತ್ತಿ ಜಿನ್ನಿಂಗ್ ಮಿಲ್ಲಿನ ಸಾಹುಕಾರರು, ಕಲಾವಿದರಿಗೆ ಹಂಚಲೆಂದು ತಮ್ಮ ಖರ್ಚಿನಲ್ಲಿ ತರಿಸಿದ್ದ ಚೀಲಗಳ ರಾಶಿಯ ಪಕ್ಕ ಕೂತು ಗಡಿಯಾರ ನೋಡುತ್ತಿದ್ದರು.

ಬಾಗಿಲಲ್ಲಿ ಟೆಂಪೊ ನಿಂತಿತು. ಇಳಿದವರ ಕೈಯಲ್ಲೆಲ್ಲ ಅಚ್ಚೊತ್ತಿದ ಕಾರ್ಡು. ಮೇಡಂ ಕಣ್ಣಲ್ಲಿ ನೀರು ಬಂತು.

"ಗ್ರಾಮೀಣ ಕಲಾವಿದರು!" ಎಂದು ಮೈಕಿನಲ್ಲಿ ಕೂಗಿ, ಮುಂದಿದ್ದ ಬಸವಕ್ಕನ ಕೈ ಹಿಡಿದರು. "ಅಮ್ಮಾ, ಇದು ನೀವೇ ಕೈಯಾರೆ ಮಾಡಿದ್ದಾ?"

ಕಿಟಕಿಯ ಮುಂದೆ ತಡವರಿಸಿದವನನ್ನು ಸಾಲಿನಿಂದ ಹೊರಗೆ ಹಾಕುತ್ತಾರೆ. ಅದು ಬಸವಕ್ಕನಿಗೆ ಗೊತ್ತಿತ್ತು. "ಹೂನ್ರೀ, ನಂದಾ," ಎಂದಳು.

"ನೀವು?"

"ನಾನಾ ಮಾಡೀನ್ರಿ ಮೇಡಂ," ಎಂದ ದಸ್ತಗಿರಿ. "ಚಹಾ ಮಾರಿ ಟೈಮ್ ಸಿಕ್ಕಾಗ."

ಸಾಹುಕಾರರು ಕೆಂಚಣ್ಣನ ಕಾರ್ಡನ್ನು ಬಹಳ ಹೊತ್ತು ನೋಡಿದರು. "ಎಲ್ಲರೂ ಹತ್ತಿಕಾಯಿ ಬಿಡಿಸ್ಯಾರ. ಇವರೊಬ್ಬರು ಅದರ ಒಳಗಿನ ನೋವು ಬಿಡಿಸ್ಯಾರ," ಎಂದರು. ಚಪ್ಪಾಳೆ ಬಿತ್ತು. ಈ ಕಲೆಯನ್ನು ಊರಲ್ಲಿ ಬೆಳೆಸಿದವರು ಯಾರು ಎಂದು ಕೇಳಿದಾಗ ರಾಮಾಂಜನೇಯ ಆಗಲೇ ವೇದಿಕೆ ಹತ್ತಿ ಶಾಲಿಗೆ ತಲೆ ಬಗ್ಗಿಸಿ ನಿಂತಿದ್ದ.

ಎರ್ರಿಸ್ವಾಮಿ ತಡೆದುಕೊಳ್ಳಲಾರದೆ ಮುಂದೆ ನುಗ್ಗಿದ. "ಮೇಡಂ, ಇವೆಲ್ಲಾ ನಾನು ಮಾಡಿದ್ದು! ಒಂದೊಂದೂ ನಂದಾ!"

ಮೇಡಂ ಮೈಕಿನಿಂದ ಬಾಯಿ ದೂರ ಸರಿಸಿ, ಬೇಸರದಿಂದ ಹೇಳಿದರು: "ಸರ್, ಬಡವರ ಕಲೆಯನ್ನ ನಮ್ದು ಅನ್ನಬಾರದು. ಎಲ್ಲಾರೂ ತಂದಾರ. ನಿಮ್ಮ ಕಾರ್ಡ್ ಎಲ್ಲಿ?"

ಎರ್ರಿಸ್ವಾಮಿ ಓಣಿಯವರ ಮುಖ ನೋಡಿದ. ಎಲ್ಲರೂ ಕಾರ್ಡನ್ನು ಎದೆಗೊತ್ತಿಕೊಂಡರು. ಕೊನೆಗೆ ಹೆಂಡತಿಯತ್ತ ತಿರುಗಿದ. "ಉರುಕುಂದೀ, ನೀನರಾ ಹೇಳು."

ಉರುಕುಂದಮ್ಮ ಫ್ಯಾನಿನತ್ತ ಮುಖ ಎತ್ತಿದಳು. "ನನ್ನ ಕಾರ್ಡು ನಂದಾರೀ ಮೇಡಂ. ಇವರದು ನನಗ ಗೊತ್ತಿಲ್ಲ."

ಅವನ ಹೆಸರನ್ನು ಅಲ್ಲೇ, ಅವನ ಕಣ್ಣೆದುರಿಗೇ, ಫೋನಿನಿಂದ ತೆಗೆಯಲಾಯಿತು. ಕಾರ್ಡು ತಂದವರಿಗೆಲ್ಲ ಒಂದೊಂದು ಚೀಲ ಸಿಕ್ಕಿತು. ಒಳಗೆ ಕತ್ತರಿ, ಗೋಂದು, ಸ್ಟೀಲಿನ ಡಬ್ಬಿ, ಡಬ್ಬಿಯಲ್ಲಿ ಮಂಡಕ್ಕಿಯ ಉಗ್ಗಾಣಿ, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ.

ವಾಪಸು ಬರುವಾಗ ಟೆಂಪೊದಲ್ಲಿ ಬಜ್ಜಿಯ ವಾಸನೆ ತುಂಬಿತ್ತು. ಎರ್ರಿಸ್ವಾಮಿ ಬಾಗಿಲಲ್ಲಿ ನಿಂತಿದ್ದ.

"ಏನೂ ಬರಂಗಿಲ್ಲ ಅಂತಿದ್ಯಲ್ಲೋ?" ಎಂದು ಬಸವಕ್ಕ ಡಬ್ಬಿ ತಟ್ಟಿ ತೋರಿಸಿದಳು. "ಬಾಜೂ ಮನಿಯಾಕಿಗೇ ಸುಳ್ಳು ಹೇಳ್ತೀಯಾ ತಮ್ಮಾ?"

"ಒಬ್ನಾ ಹೊಡ್ಕೋಬೇಕಂತಿದ್ದ. ನಾವು ಬಿಡ್ಲಿಲ್ಲ," ಎಂದ ದಸ್ತಗಿರಿ.

ಅಷ್ಟರಲ್ಲಿ ಒಂದೊಂದೇ ಫೋನು ಕಿಣಿಕಿಣಿಸತೊಡಗಿತು. ಚೀಲ ಕೊಡುವಾಗ ನಂಬರು ಬರೆದುಕೊಂಡಿದ್ದ ಮೇಡಂ ಎಲ್ಲರನ್ನೂ ಬಳಗಕ್ಕೆ ಸೇರಿಸಿದ್ದರು. ದಸ್ತಗಿರಿ ಬಂದ ಸಂದೇಶವನ್ನು ಗಟ್ಟಿಯಾಗಿ ಓದಿದ: ಮುಂದಿನ ತಿಂಗಳ ವಿಷಯ ನವಿಲು. ಪ್ರತಿ ಸದಸ್ಯರೂ ಒಂದು ಕಟ್ಟು ಕಾರ್ಡು ತರಬೇಕು. ತಾವೇ ಕೊರೆದ ಅಚ್ಚು ಇರಬೇಕು. ತಂದವರಿಗೆ ಕುಕ್ಕರ್.

ಟೆಂಪೊದಲ್ಲಿ ಬಜ್ಜಿ ಅಗಿಯುವ ಸದ್ದು ನಿಂತಿತು. ತಲೆಗಳೆಲ್ಲ ಮೆಲ್ಲಗೆ ಬಾಗಿಲ ಕಡೆ ತಿರುಗಿದವು.

"ನನ್ನ ಯಾಕ ನೋಡ್ತೀರಿ?" ಎಂದ ಎರ್ರಿಸ್ವಾಮಿ. "ನಾನೀಗ ಬಳಗದಾಗಿಲ್ಲ."

ಉರುಕುಂದಮ್ಮ ತನ್ನ ಡಬ್ಬಿಯಿಂದ ಅರ್ಧ ಬಜ್ಜಿ ಮುರಿದು ಅವನ ಕೈಗಿಟ್ಟಳು.

"ಅದಾ ಚೊಲೋ ಆತಲ್ರೀ," ಎಂದಳು. "ನಿಮಗ ಹೋಗೋ ಕೆಲಸ ಇಲ್ಲ, ಬರೋ ಕೆಲಸ ಇಲ್ಲ. ಮನ್ಯಾಗ ಕುಂತು ಎಲ್ಲಾರದೂ ಮಾಡ್ರಿ. ನಂದು ಮೊದಲು."